ತೊಟ್ಟಿಲು ತೂಗದವರು ತೆರೆದ ಬಾಗಿಲು

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲಕ್ಕೆ ಹೆಸರು ತಂದುಕೊಟ್ಟವನು ಅಲ್ಲಿನ ಸಂತಾನ ವೇಣುಗೋಪಾಲಸ್ವಾಮಿ. ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ಇಲ್ಲಿಗೆ ಬರುತ್ತಾರೆ. ಮಗು ಹುಟ್ಟಿದರೆ ಅದನ್ನು ಎತ್ತಿಕೊಂಡು ಹರಕೆ ತೀರಿಸಲು ಮತ್ತೆ ಬರುತ್ತಾರೆ. ಈ ದೇವರ ಬಗ್ಗೆ ಊರಿನಲ್ಲಿ ಹೇಳುವ ಐತಿಹ್ಯವೊಂದಿದೆ. ಹೆಣ್ಣುಮಕ್ಕಳನ್ನೇ ಪಡೆದ ಅರಸನೊಬ್ಬ ಗಂಡು ಬೇಕೆಂದು ಹಟ ಹಿಡಿದ. ಹುಟ್ಟಿದ ಹೆಣ್ಣುಕೂಸು ದೇವರ ಸನ್ನಿಧಿಯಲ್ಲಿ ಗಂಡಾಯಿತು. ಅರಸನ ಆಸೆ, ದೇವರ ಮಹಿಮೆ ಎರಡೂ ಈ ಕಥೆಯಲ್ಲಿವೆ. ಅಷ್ಟು ಮಕ್ಕಳನ್ನು ಹೆತ್ತವಳ ಮಾತು ಮಾತ್ರ ಇಲ್ಲ.

ಐತಿಹ್ಯಗಳು ಹಾಗೇ ಇರುತ್ತವೆ ಎಂದು ಮುಂದೆ ಹೋಗಬಹುದು. ಆದರೆ ನಮ್ಮ ಬರವಣಿಗೆಯ ಚರಿತ್ರೆಯನ್ನು ನೋಡಿದರೂ ಇದೇ ಮೌನ ಬಹುಕಾಲ ಎದುರಾಗುತ್ತದೆ. ಇವತ್ತು ತಾಯಿಯೊಬ್ಬಳು ಮಗುವಿನ ಜ್ವರದ ರಾತ್ರಿಯ ಬಗ್ಗೆ, ತಂದೆಯೊಬ್ಬ ಮಗಳು ಹಾಸ್ಟೆಲಿಗೆ ಹೋದ ದಿನದ ಬಗ್ಗೆ ‘ನಾನು’ ಎಂದು ಬರೆದು ಪತ್ರಿಕೆಗೆ ಕಳಿಸಿದರೆ ಯಾರಿಗೂ ಅಚ್ಚರಿಯಿಲ್ಲ. ವಾರಪತ್ರಿಕೆಗಳಲ್ಲಿ ಇಂಥ ಪ್ರಬಂಧಗಳಿಗೆ ಜಾಗ ಗಟ್ಟಿಯಾಗಿದೆ. ಈ ಜಾಗ ತಾನಾಗಿ ಹುಟ್ಟಿದ್ದಲ್ಲ. ಅದನ್ನು ಮೊದಲು ಬಿಡಿಸಿಕೊಟ್ಟವರಲ್ಲಿ ಒಬ್ಬರು ಹೆಮ್ಮರಗಾಲಕ್ಕೆ ಹತ್ತಿರದ ನಂಜನಗೂಡಿನವರೇ. ಅವರು ಮಗುವನ್ನು ಹೆತ್ತವರಲ್ಲ.

ಅವರಿಗಿಂತ ಮುಂಚೆ ಈ ಸೀಮೆಯಲ್ಲಿ ಹೆಣ್ಣು ಬರೆದೇ ಇರಲಿಲ್ಲವೆಂದೇನೂ ಅಲ್ಲ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಯಳಂದೂರಿನ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು. ಅದು ಪತಿವ್ರತೆಯ ಧರ್ಮವನ್ನು ಹೇಳುವ ಕೃತಿ. ಆದರೂ ಹೆಣ್ಣು ಹುಟ್ಟಿತೆಂದು ಮುಖ ಕಿವುಚುವವರನ್ನು ಅವಳು ಅಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಹೆಮ್ಮರಗಾಲದ ಐತಿಹ್ಯಕ್ಕೆ ಅದೇ ಸೀಮೆಯ ಹೆಣ್ಣೊಬ್ಬಳು ಕೊಟ್ಟ ಉತ್ತರದಂತೆ ಆ ಭಾಗವನ್ನು ಓದಬಹುದು. ಆದರೆ ಅದು ಎಲ್ಲರ ಪರವಾಗಿ ಆಡಿದ ಮಾತು, ಧರ್ಮದ ಭಾಷೆಯ ಮಾತು. ಹೊನ್ನಮ್ಮನ ಸ್ವಂತ ಮನೆ ಅದರಲ್ಲಿ ಕಾಣುವುದಿಲ್ಲ.

ಸ್ವಂತ ಮನೆ ಕಾಣುತ್ತಿದ್ದುದು ಹಾಡಿನಲ್ಲಿ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೆಂಗಸರು ಹಾಡಿಕೊಂಡ ತ್ರಿಪದಿಗಳಲ್ಲಿ ಕೂಸಿನ ಹಟವಿದೆ, ತವರಿನ ನೆನಪಿದೆ, ಮಕ್ಕಳಿಲ್ಲದವಳು ಕೇಳಬೇಕಾದ ಚುಚ್ಚುಮಾತಿನ ನೋವಿದೆ. ಹಲಸಂಗಿಯ ಗೆಳೆಯರು ಅಂಥವನ್ನು ಕೂಡಿಸಿ ‘ಗರತಿಯ ಹಾಡು’ ಎಂದು ಪುಸ್ತಕ ಮಾಡಿದಾಗ ನಾಡಿನ ಸಾಹಿತಿಗಳು ಬೆರಗಾದರು. ಅಷ್ಟು ಹೊತ್ತಿಗಾಗಲೇ ಆ ಹಾಡುಗಳು ಯಾರ ಹೆಸರೂ ಇಲ್ಲದೆ ಎಷ್ಟೋ ತಲೆಮಾರು ಬಾಳಿದ್ದವು. ಹಾಡಿಗೆ ಒಂದು ಅನುಕೂಲವಿದೆ. ಹಾಡಿದವಳನ್ನು ಯಾರೂ ‘ಇದು ನಿನ್ನ ಅತ್ತೆಯ ಮೇಲೆ ಹೇಳಿದ್ದೋ’ ಎಂದು ಹಿಡಿದು ನಿಲ್ಲಿಸುವಂತಿಲ್ಲ. ಪ್ರಬಂಧಕ್ಕೆ ಆ ರಕ್ಷಣೆಯಿಲ್ಲ, ಅದರ ಕೆಳಗೆ ಹೆಸರಿರುತ್ತದೆ.

ಹೆಸರು ಹಾಕಿ ಬರೆಯಲು ಓದುಬರಹ ಬೇಕು, ಅಚ್ಚುಕೂಟ ಬೇಕು, ಅಂಚೆ ಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಇವು ಒಂದೊಂದಾಗಿ ಬಂದವು. 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಗಿ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಒಡೆಯರ ಕಾಲದಿಂದ ನಡೆದು ಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯ ಜೊತೆ ಸೇರಿತು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. 1894ರಲ್ಲಿ ಸಂಸ್ಥಾನ ಬಾಲ್ಯವಿವಾಹ ತಡೆಯುವ ಕಾಯಿದೆ ಮಾಡಿತು. ಎಂಟು ತುಂಬದ ಹುಡುಗಿಯ ಮದುವೆಯನ್ನು, ಹದಿನಾಲ್ಕು ತುಂಬದ ಹುಡುಗಿಯನ್ನು ಐವತ್ತು ದಾಟಿದವನಿಗೆ ಕೊಡುವುದನ್ನು ಅದು ನಿಷೇಧಿಸಿತು. ದೇಶದಲ್ಲೇ ಮುಂದುವರಿದ ಕಾನೂನೆಂದು ಆಗ ಅದಕ್ಕೆ ಹೊಗಳಿಕೆ ಬಂತು. ಎಂಟು ತುಂಬಿದ ಮೇಲೆ ಏನಾಗಬಹುದೆಂಬುದಕ್ಕೆ ನಂಜನಗೂಡಿನ ಒಂದು ಮನೆಯೇ ಸಾಕ್ಷಿ.

ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಹತ್ತನೆಯ ವಯಸ್ಸಿಗೆ ಮದುವೆಯಾಯಿತು, ಹದಿನಾಲ್ಕಕ್ಕೆ ವೈಧವ್ಯ ಬಂತು. ಹತ್ತರ ಹುಡುಗಿಯ ಮದುವೆಗೆ ಹೊಸ ಕಾಯಿದೆ ಅಡ್ಡಬರಲಿಲ್ಲ. ಅಂಥ ಹೆಣ್ಣಿಗೆ ಮನೆಯ ಹಿಂಭಾಗದ ಕೋಣೆಯೇ ಗತಿ ಎಂದು ತಿಳಿದಿದ್ದ ಕಾಲ ಅದು. ಆದರೆ ತಂದೆ ವೆಂಕಟಕೃಷ್ಣ ಅಯ್ಯಂಗಾರರು ಮಗಳ ಓದಿಗೆ ಒತ್ತಾಸೆಯಾಗಿ ನಿಂತರು. ಮನೆಯಲ್ಲೇ ಓದಿದ ಆಕೆ ಸುತ್ತಲಿನ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದರು. 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ನಂಜನಗೂಡಿನಿಂದಲೇ ಪುಸ್ತಕ ಪ್ರಕಟಿಸಿದರು. ‘ಸುಶೀಲೆ’, ‘ನಭಾ’, ‘ಮಾತೃನಂದಿನಿ’ ಮುಂತಾದ ಕಾದಂಬರಿಗಳನ್ನು ಬರೆದರು. 1916ರ ಸುಮಾರಿಗೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ಲೇಖಕಿ, ಪ್ರಕಾಶಕಿ, ಸಂಪಾದಕಿ ಮೂರೂ ಆಗಿ ಹೊಸಗನ್ನಡದಲ್ಲಿ ಕೆಲಸ ಮಾಡಿದ ಮೊದಲ ಹೆಂಗಸರ ಸಾಲಿನಲ್ಲಿ ಅವರ ಹೆಸರಿದೆ.

ಇಲ್ಲಿ ‘ಸಂಪಾದಕಿ’ ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಹೆಂಗಸರಿಗಾಗಿ ಗಂಡಸರು ನಡೆಸುವ ಪತ್ರಿಕೆಗೂ ಹೆಂಗಸೊಬ್ಬಳು ನಡೆಸುವ ಪತ್ರಿಕೆಗೂ ಒಂದು ವ್ಯತ್ಯಾಸವಿದೆ. ಬರೆದವಳು ಲಕೋಟೆಯ ಮೇಲೆ ಯಾರ ಹೆಸರು ಬರೆಯುತ್ತಾಳೆ ಎಂಬುದೇ ಆ ವ್ಯತ್ಯಾಸ. ಪರಗಂಡಸಿಗೆ ಕಾಗದ ಬರೆಯುವುದೇ ಮನೆಯಲ್ಲಿ ರಂಪವಾಗಬಹುದಾಗಿದ್ದ ಕಾಲದಲ್ಲಿ ‘ತಿರುಮಲಾಂಬ, ನಂಜನಗೂಡು’ ಎಂಬ ವಿಳಾಸ ದೊಡ್ಡ ಅನುಕೂಲ. ಮುಂದೆ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿ ಇಂಥದೇ ವಿಳಾಸವಾದರು. 1938ರಲ್ಲಿ ‘ಮಕ್ಕಳಕೂಟ’ವನ್ನು ಕಟ್ಟಿದವರೂ ಅವರೇ. ಕಲ್ಯಾಣಮ್ಮನವರೂ ಬಾಲವಿಧವೆ.

ಕನ್ನಡದ ತಾಯಂದಿರು ಬರೆದು ಕಳಿಸಬಹುದಾಗಿದ್ದ ಮೊದಲ ಎರಡು ಮುಖ್ಯ ವಿಳಾಸಗಳು ತಾಯ್ತನದ ಹೊರಗೆ ಇರಿಸಲ್ಪಟ್ಟ ಇಬ್ಬರು ಹೆಂಗಸರವು. ಇದು ಆಕಸ್ಮಿಕವಲ್ಲ. ಹತ್ತು ತಿಂಗಳ ಬಸಿರು, ಬಾಣಂತನ, ಮತ್ತೆ ಬಸಿರು ಎಂದು ಸುತ್ತುವ ಬದುಕಿನಲ್ಲಿ ಪ್ರೂಫು ತಿದ್ದಲು ಹೊತ್ತೆಲ್ಲಿ? ಸಮಾಜ ಯಾರನ್ನು ಅಮಂಗಳೆ ಎಂದು ತೊಟ್ಟಿಲ ಶಾಸ್ತ್ರದಿಂದ ದೂರವಿಟ್ಟಿತೋ ಅವರಿಗೇ ಓದಿನ ಹೊತ್ತು ಉಳಿಯಿತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲಿ ಬಾಲವಿಧವೆಯೇ ಊರವರ ಹೆರಿಗೆಗೆ ಕೈಯಾಗುತ್ತಾಳೆ. ತಿರುಮಲಾಂಬ, ಕಲ್ಯಾಣಮ್ಮ ಗದ್ಯಕ್ಕೆ ಹಾಗೆ ಸೂಲಗಿತ್ತಿಯರಾದರು. ಇಂದಿರಾ ತಾವೇ ಬರೆಯಲು ತೊಡಗಿದ್ದು ನಲವತ್ತೈದರ ಹೊತ್ತಿಗೆ. ಮಕ್ಕಳು ದೊಡ್ಡವರಾಗುವವರೆಗೆ ಕಾಯಬೇಕಾದ ಲೇಖಕಿ ಅವರೊಬ್ಬರೇ ಅಲ್ಲ.

ಆ ಕಾಲದ ಮಹಿಳಾ ಪತ್ರಿಕೆಗಳ ಗದ್ಯ ಮಾತ್ರ ಬಹುಪಾಲು ಹಿತೋಪದೇಶದ ಗದ್ಯ. ಗ್ರಂಥಮಾಲೆಯ ಹೆಸರಿನಲ್ಲೇ ‘ಹಿತೈಷಿಣೀ’ ಎಂಬ ಮಾತಿದೆ. ಮಗುವಿಗೆ ಏನು ಉಣಿಸಬೇಕು, ಹೇಗೆ ತಿದ್ದಬೇಕು, ಸುಗೃಹಿಣಿ ಹೇಗಿರಬೇಕು ಎಂದು ಬರೆಯುವುದು ಸುಲಭವಾಗಿ ಒಪ್ಪಿತವಾಗುತ್ತಿತ್ತು. ‘ನನಗೆ ಮಗುವಿನ ಮೇಲೆ ಸಿಟ್ಟು ಬಂತು’ ಎಂದು ಬರೆಯುವುದು ಹಾಗಲ್ಲ. ಇದನ್ನು ಹಳಬರ ದೌರ್ಬಲ್ಯವೆಂದು ಈಗ ತಳ್ಳಿಹಾಕುವುದು ಅನ್ಯಾಯ. ಓದು ಕಲಿತ ಹೆಣ್ಣು ಮನೆ ಕೆಡಿಸುತ್ತಾಳೆ ಎಂಬ ಆರೋಪ ಪ್ರತಿ ಸಂಚಿಕೆಯ ನೆತ್ತಿಯ ಮೇಲೂ ತೂಗುತ್ತಿತ್ತು. ಓದಿದ ತಾಯಿ ಇನ್ನೂ ಒಳ್ಳೆಯ ತಾಯಿ ಎಂದು ತೋರಿಸುವುದು ಪತ್ರಿಕೆ ಉಳಿಯಲು ಕಟ್ಟಬೇಕಾದ ಕಂದಾಯ. ಬುದ್ಧಿಮಾತಿನ ಧಾಟಿ ಅವರಿಗೆ ಗುರಾಣಿಯಾಗಿತ್ತು.

ಸರ್ಕಾರವೂ ಅದೇ ಹೊತ್ತಿಗೆ ತಾಯ್ತನದ ಬಗ್ಗೆ ಮಾತಾಡತೊಡಗಿತು. 1930ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲೆಂದು ಅದನ್ನು ನೆನೆಯುತ್ತಾರೆ. ಸಂತಾನ ಬೇಕೆಂದು ಹೆಮ್ಮರಗಾಲದಲ್ಲಿ ಹರಕೆ, ಸಾಕೆಂದು ಮೈಸೂರಿನಲ್ಲಿ ಚಿಕಿತ್ಸಾಲಯ. ಎರಡಕ್ಕೂ ಹೋದ ಹೆಂಗಸರ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಅರ್ಜಿಯಲ್ಲಿ ಕಾಲಂ ಇರುವುದಿಲ್ಲ. ಆ ಕಾಲಂ ತುಂಬಬೇಕಾದದ್ದು ಸಾಹಿತ್ಯ.

ಕನ್ನಡದಲ್ಲಿ ಲಲಿತ ಪ್ರಬಂಧ ಕಣ್ಣುಬಿಟ್ಟದ್ದೂ ಆ ದಶಕದಲ್ಲೇ. ಗೊರೂರು, ಎ.ಎನ್. ಮೂರ್ತಿರಾಯರು ‘ನಾನು’ ಎಂಬುದಕ್ಕೆ ಹೊಸ ಸಲಿಗೆ ತಂದರು. ಘನವಾದ ವಿಷಯ ಬೇಕಿಲ್ಲ, ಬರೆಯುವವನ ಮನಸ್ಸು ಓಡಾಡಿದರೆ ಸಾಕು ಎಂದು ಅವರ ಗದ್ಯ ಕಲಿಸಿತು. ಆದರೆ ಆ ಓಡಾಟಕ್ಕೆ ಬೇಕಾದ ಬಿಡುವು ಬಹುಮಟ್ಟಿಗೆ ಗಂಡಸಿನದು. ಮಕ್ಕಳು ಅಲ್ಲಿ ಬಂದರೂ ಪಡಸಾಲೆಯ ಗಲಾಟೆಯಾಗಿ ಬರುತ್ತಿದ್ದರು. ಇದು ಕನ್ನಡದ್ದಷ್ಟೇ ಕಥೆಯಲ್ಲ. ಪ್ರಬಂಧವೆಂಬ ಪ್ರಕಾರಕ್ಕೆ ಹೆಸರು ಕೊಟ್ಟ ಫ್ರಾನ್ಸಿನ ಮೊಂತೇನ್ ಹದಿನಾರನೆಯ ಶತಮಾನದಲ್ಲೇ ತಂದೆಯರ ವಾತ್ಸಲ್ಯದ ಬಗ್ಗೆ ಬರೆದ. ಅವನಿಗೆ ಆರು ಹೆಣ್ಣುಮಕ್ಕಳು ಹುಟ್ಟಿ ಉಳಿದದ್ದು ಒಬ್ಬಳು. ಹಾಲುಗೂಸುಗಳಾಗಿದ್ದಾಗ ತೀರಿಕೊಂಡ ಮಕ್ಕಳನ್ನು ಅವನು ‘ಎರಡೋ ಮೂರೋ’ ಎಂಬ ಧಾಟಿಯಲ್ಲಿ ಲೆಕ್ಕ ಹೇಳಿ ಮುಂದೆ ಹೋಗುತ್ತಾನೆ. ಅದು ತಂದೆಯ ಲೆಕ್ಕ. ತಾಯಿಗೆ ಆ ಅಂಕಿ ತಪ್ಪುವುದಿಲ್ಲ. ನಮ್ಮಲ್ಲಿ ಮಗುವನ್ನು ಕಳೆದುಕೊಂಡ ತಂದೆಯ ದುಃಖ ಗದ್ಯಕ್ಕಿಂತ ಮೊದಲು ಕವಿತೆಯಲ್ಲಿ ಬಾಯಿಬಿಟ್ಟಿತು. ಸತ್ತ ಮಗುವಿನ ಮುಂದೆ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನಾಗಿ ಬೇಂದ್ರೆ ಬರೆದ ಕವಿತೆ ಅದಕ್ಕೆ ದೊಡ್ಡ ಸಾಕ್ಷಿ.

ಅಡುಗೆಮನೆಯ ಕಡೆಯಿಂದ ಪ್ರಬಂಧ ಬಂದದ್ದು ನಗುವಿನ ದಾರಿಯಲ್ಲಿ. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆ ಆರಂಭಿಸಿದರು. ಟಿ. ಸುನಂದಮ್ಮ ಅದರಲ್ಲಿ ಗಂಡ, ಮಕ್ಕಳು, ನೆಂಟರು, ನೆರೆಯವರ ನಡುವಿನ ಸಂಸಾರವನ್ನು ಹಾಸ್ಯ ಪ್ರಬಂಧ ಮಾಡಿದರು. ನಗುವಿಗೆ ಹಾಡಿನಂಥದೇ ಅನುಕೂಲವಿದೆ. ‘ತಮಾಷೆಗೆ ಬರೆದದ್ದು’ ಎಂದು ತಪ್ಪಿಸಿಕೊಳ್ಳಬಹುದು. ಆ ತಮಾಷೆಯ ಮರೆಯಲ್ಲಿ ತಾಯಿಗೂ ಬೇಸರ ಬರುತ್ತದೆ, ಅವಳ ತಾಳ್ಮೆಗೂ ತಳವಿದೆ ಎಂಬ ಸಂಗತಿ ಮೆಲ್ಲಗೆ ಅಚ್ಚಾಯಿತು.

ನಗಲಾಗದ ಸಂಗತಿಗಳಿಗೆ ಕಾದಂಬರಿ ಬೇಕಾಯಿತು. ಮೈಸೂರಿನ ಅನಸೂಯಾ ಶಂಕರ್ ‘ತ್ರಿವೇಣಿ’ ಎಂಬ ಹೆಸರಿನಲ್ಲಿ ಬರೆದ ‘ಶರಪಂಜರ’ದಲ್ಲಿ ಕಾವೇರಿ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬೀಳುತ್ತಾಳೆ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಬಿಟ್ಟರೂ ‘ಹುಚ್ಚಿ’ ಎಂಬ ಹೆಸರು ಬಿಡುವುದಿಲ್ಲ. ಆಗ ಯಾವ ತಾಯಿಯೂ ಇದನ್ನು ತನ್ನದೇ ಅನುಭವವೆಂದು ಹೆಸರು, ವಿಳಾಸ ಹಾಕಿ ಪತ್ರಿಕೆಗೆ ಕಳಿಸಲು ಸಾಧ್ಯವಿರಲಿಲ್ಲ. ಕಳಿಸಿದ್ದರೆ ಕಾವೇರಿಗೆ ಆದದ್ದೇ ಅವಳಿಗೂ ಆಗುತ್ತಿತ್ತು. ತ್ರಿವೇಣಿ 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮುನ್ನ ತೀರಿಕೊಂಡರು. ಅದೇ ತಲೆಮಾರಿನ ವೈದ್ಯೆ ಅನುಪಮಾ ನಿರಂಜನ ‘ತಾಯಿ ಮಗು’ವಿನಂಥ ಪುಸ್ತಕದಲ್ಲಿ ಬಸಿರು, ಹೆರಿಗೆ, ಕೂಸಿನ ಆರೈಕೆಯನ್ನು ಸಂಕೋಚವಿಲ್ಲದ ಕನ್ನಡದಲ್ಲಿ ವಿವರಿಸಿದರು. ಬುದ್ಧಿಮಾತು ಅಲ್ಲಿ ಮಾಹಿತಿಯಾಗಿ ಬದಲಾಯಿತು. ಓದಿದ ತಾಯಿ ಭಯ ಕಳೆದುಕೊಂಡಳು. ತಪ್ಪಿತಸ್ಥಳೆಂಬ ಭಾವ ಕಳೆದುಕೊಂಡವಳಿಗೇ ‘ನಾನು’ ಎಂದು ಬರೆಯುವ ಧೈರ್ಯ ಬರುವುದು. ಅಮೆರಿಕದ ಕವಿ ಏಡ್ರಿಯನ್ ರಿಚ್ ತಮ್ಮ ಡೈರಿಯ ಪುಟಗಳನ್ನೇ ಮುಂದಿಟ್ಟುಕೊಂಡು, ಮಕ್ಕಳ ಮೇಲಿನ ಪ್ರೀತಿಯ ಜೊತೆಗೇ ಕೋಪವನ್ನೂ ಒಪ್ಪಿಕೊಂಡು ತಾಯ್ತನದ ಬಗ್ಗೆ ಪುಸ್ತಕ ಬರೆದದ್ದು 1976ರಲ್ಲಿ. ಅಲ್ಲೂ ಅದು ಬೇಗ ಆದ ಕೆಲಸವಲ್ಲ.

ಈ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ. ತಿರುಮಲಾಂಬರ ತಾಲ್ಲೂಕಿನಲ್ಲೇ ದೇವನೂರು ಇದೆ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಒಲೆಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ, ಬೆಳಗಾದರೆ ಪೊಲೀಸರು ಬರುತ್ತಾರೆ. ಮಕ್ಕಳ ಹೊಟ್ಟೆ ತುಂಬಿಸುವುದು ಎಂದರೇನೆಂದು ತಿಳಿಯಲು ಅದನ್ನು ಮೀರಿದ ಪುಟ ಕನ್ನಡದಲ್ಲಿ ಕಡಿಮೆ. ಆದರೆ ಸಾಕವ್ವನಂಥವಳು ತಾನೇ ಬರೆದು ಯಾವ ಪತ್ರಿಕೆಗೂ ಕಳಿಸಲಿಲ್ಲ. ಮಹಿಳಾ ಪತ್ರಿಕೆಗಳ ಸುಗೃಹಿಣಿಯ ಚಿತ್ರದಲ್ಲಿ ಅವಳಿಗೆ ಜಾಗವೂ ಇರಲಿಲ್ಲ. ದಲಿತ ಮನೆಗಳ ತಂದೆತಾಯಿಯ ಬದುಕು ನಮಗೆ ಸಿಕ್ಕಿದ್ದು ಮಕ್ಕಳು ಬೆಳೆದು ಬರೆದಾಗ, ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ. ಬೇರೊಂದು ಬಗೆಯ ಮನೆಯಿಂದ ಬಂದ ತೇಜಸ್ವಿಯವರ ‘ಅಣ್ಣನ ನೆನಪು’ ಕೂಡ ಮಗನ ಪುಸ್ತಕ. ಕನ್ನಡದಲ್ಲಿ ತಂದೆಯನ್ನು ನೆನೆದ ಮಗ ಹೇರಳವಾಗಿ ಸಿಗುತ್ತಾನೆ. ಮಗುವನ್ನು ಸಾಕುತ್ತಿರುವಾಗಲೇ, ಕೈಯಲ್ಲಿ ಹಾಲಿನ ವಾಸನೆ ಇರುವಾಗಲೇ ಬರೆದ ತಂದೆ ಅಪರೂಪ.

ಕಳಿಸುವ ರೀತಿಯೂ ಬದಲಾಗಿದೆ. ‘ಸುಧಾ’, ‘ಮಯೂರ’, ‘ತರಂಗ’ಗಳ ಏರುಗಾಲದಲ್ಲಿ ಹಾಳೆಯ ಒಂದೇ ಮಗ್ಗುಲಲ್ಲಿ, ಅಂಚು ಬಿಟ್ಟು, ಕೈಬರಹ ಬಿಡಿಬಿಡಿಯಾಗಿ ಬರೆಯಬೇಕಿತ್ತು. ಒಳಗೆ ಸ್ವವಿಳಾಸ ಬರೆದು ಸ್ಟಾಂಪು ಹಚ್ಚಿದ ಇನ್ನೊಂದು ಕವರು ಇಡಬೇಕಿತ್ತು. ಎಷ್ಟೋ ಮನೆಗಳಲ್ಲಿ ಆ ಕವರು ಪೋಸ್ಟಮ್ಯಾನ್ ಕೈಯಿಂದ ಮೊದಲು ಮಾವನ ಕೈಗೆ ಹೋಗುತ್ತಿತ್ತು. ಹಿಂದಿರುಗಿದ ಬರಹ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಈಗ ಮಗು ಮಲಗಿದ ಮೇಲೆ ಮೊಬೈಲಿನಲ್ಲೇ ಟೈಪು ಮಾಡಿ, ಮನೆಯಲ್ಲಿ ಯಾರಿಗೂ ಹೇಳದೆ ಇಮೇಲ್ ಮಾಡಬಹುದು. ತಿರಸ್ಕಾರವೂ ಒಬ್ಬರಿಗೇ ಗೊತ್ತಾಗುತ್ತದೆ. ಬರೆಯುವವರಿಗೆ ಇದು ದೊಡ್ಡ ಬಿಡುಗಡೆ.

ಆದರೆ ಗುಟ್ಟು ಕಳೆದುಕೊಳ್ಳುವ ಸರದಿ ಈಗ ಮಗುವಿನದು. ‘ಸರಸ್ವತಿ’ಯ ಹಳೆಯ ಸಂಚಿಕೆಯಲ್ಲಿ ಮಗುವಿನ ಹಟದ ಬಗ್ಗೆ ಬರೆದದ್ದು ಆ ಮಗು ಶಾಲೆಗೆ ಸೇರುವ ಹೊತ್ತಿಗೆ ರದ್ದಿಗೆ ಹೋಗಿರುತ್ತಿತ್ತು. ಅಂತರ್ಜಾಲದಲ್ಲಿ ಬಂದ ಬರಹ ರದ್ದಿಗೆ ಹೋಗುವುದಿಲ್ಲ. ಹಾಸಿಗೆ ಒದ್ದೆ ಮಾಡಿದ್ದು, ಮಾತು ತಡವಾಗಿ ಬಂದದ್ದು, ಪರೀಕ್ಷೆಯಲ್ಲಿ ಬಿದ್ದದ್ದು ಇಪ್ಪತ್ತು ವರ್ಷದ ನಂತರವೂ ಅದರ ಹೆಸರಿನ ಜೊತೆ ತೇಲಿ ಬರುತ್ತವೆ. ತಾಯಿಯ ಬಾಯಿ ಬಿಡಿಸಲು ನೂರು ವರ್ಷ ಹಿಡಿಯಿತು. ಆ ಬಾಯಿಗೆ ಮತ್ತೆ ಬೀಗ ಹಾಕುವುದು ಇದಕ್ಕೆ ಮದ್ದಲ್ಲ. ಹಳೆಯ ಹಾಡುಗಳು, ಕೊರವಂಜಿಯ ನಗು, ತ್ರಿವೇಣಿಯ ಕಾವೇರಿ ಕಲಿಸುವ ಪಾಠವೊಂದಿದೆ: ಅನುಭವ ತನ್ನದಾಗಿರಲಿ, ಗುರುತು ಮರೆಯಲ್ಲಿರಲಿ. ಪ್ರಬಂಧ ಬಿಚ್ಚಿಡಬೇಕಾದದ್ದು ಸಾಕುವವರ ಮನಸ್ಸನ್ನು. ಮಗುವಿನ ಕಡತವನ್ನು ತೆರೆದಿಡುವುದು ಅದರ ಕೆಲಸವಲ್ಲ. ಓದಬಲ್ಲ ವಯಸ್ಸಿನ ಮಗುವಿಗೆ ಕಳಿಸುವ ಮುನ್ನ ಓದಿ ಹೇಳುವುದು ಒಳ್ಳೆಯದು. ಅದು ಬೇಡವೆಂದರೆ ಕೆಲವು ವರ್ಷ ತಡೆದರೆ ಪ್ರಬಂಧ ಹಳಸುವುದಿಲ್ಲ.

ತಿರುಮಲಾಂಬ ಕೊನೆಯ ಹಲವು ದಶಕಗಳನ್ನು ಬರಹದಿಂದ ದೂರವಾಗಿ, ಮದರಾಸಿನಲ್ಲಿ ಕಳೆದರು. ಕನ್ನಡ ಅವರನ್ನು ಹೆಚ್ಚುಕಡಿಮೆ ಮರೆತಿತ್ತು. ಚಿ.ನ. ಮಂಗಳಾ ಅವರಂಥವರು ಆ ಹೆಸರನ್ನು ಮತ್ತೆ ಮುನ್ನೆಲೆಗೆ ತಂದರು. ವಿಜಯಾ ದಬ್ಬೆ ‘ಹಿತೈಷಿಣಿಯ ಹೆಜ್ಜೆಗಳು’ ಬರೆದು ಅವರ ಕೆಲಸವನ್ನು ಅಳೆದರು. ಶಾಶ್ವತಿ ಸಂಸ್ಥೆ ಲೇಖಕಿಯರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತ ಬಂದಿದೆ. 1982ರಲ್ಲಿ ಅವರು ತೀರಿಕೊಂಡಾಗ ತೊಂಬತ್ತೈದು ವರ್ಷ.

ಅವರ ಬದುಕಿನ ಕಥೆಯಲ್ಲಿ ಮಕ್ಕಳನ್ನು ಸಾಕುವ ಒಂದು ದೊಡ್ಡ ಪ್ರಸಂಗವಿದೆ. ಅದು ತಂದೆಯದು. ಹತ್ತರ ಮಗಳನ್ನು ಮದುವೆ ಮಾಡಿಕೊಟ್ಟ ಮನುಷ್ಯ, ಹದಿನಾಲ್ಕರಲ್ಲಿ ಅವಳು ತಲೆ ತಗ್ಗಿಸಿ ಮನೆಗೆ ಬಂದಾಗ ಅವಳ ಕೈಗೆ ಪುಸ್ತಕ ಕೊಟ್ಟ. ಆ ಎರಡು ಕೆಲಸಗಳ ನಡುವಿನ ನಾಲ್ಕು ವರ್ಷದಲ್ಲಿ ಅವನ ಮನಸ್ಸಿನಲ್ಲಿ ನಡೆದದ್ದೇನು? ಮೊದಲನೆಯ ಕೆಲಸವನ್ನು ಅವನು ಧರ್ಮವೆಂದೇ ಮಾಡಿದ್ದ. ಎರಡನೆಯದನ್ನು ಧರ್ಮಕ್ಕೆ ಹೆದರದೆ ಮಾಡಿದ. ವಕಾಲತ್ತು ಬೇಡದ, ಯಾರಿಗೂ ಬುದ್ಧಿ ಹೇಳದ ನಾಲ್ಕು ಹಾಳೆ ಅವನು ಬರೆದಿದ್ದರೆ ಕನ್ನಡದ ಅತ್ಯುತ್ತಮ ಪ್ರಬಂಧಗಳಲ್ಲಿ ಒಂದಾಗುತ್ತಿತ್ತು. ಆಗ ಹಾಗೆ ಬರೆಯುವ ರೂಢಿಯಿರಲಿಲ್ಲ. ಕಳಿಸಲು ವಿಳಾಸವೂ ಇರಲಿಲ್ಲ. ಆ ವಿಳಾಸ ಮುಂದೆ ಹುಟ್ಟಿದ್ದು ಅವನ ಮಗಳ ಹೆಸರಿನಲ್ಲಿ.